ಇನ್ನೂ ಗುಣವಾಗದವರ ಸಾಕ್ಷಿ

ಚರ್ಚಿನ ಭಾನುವಾರದ ಆರಾಧನೆಯಲ್ಲಿ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸಭೆಗಳಿಗೆ ಹೋದವರಿಗೆ ಇದು ಹೊಸದಲ್ಲ. ಒಬ್ಬರು ಎದ್ದು 'ಕರ್ತನಿಗೆ ಸ್ತೋತ್ರ' ಅನ್ನುತ್ತಾರೆ. ತಿಂಗಳುಗಟ್ಟಲೆ ಹೊಟ್ಟೆನೋವಿತ್ತು, ಸೊಲ್ಲಾಪುರಕ್ಕೆ ಹೋಗಿ ತೋರಿಸಿದೆವು, ಉಪವಾಸ ಪ್ರಾರ್ಥನೆ ಮಾಡಿದೆವು, ಈಗ ಪೂರಾ ಆರಾಮ. ಇನ್ನೊಬ್ಬರ ಮಗನಿಗೆ ನೌಕರಿ ಸಿಕ್ಕಿದೆ. ಮತ್ತೊಬ್ಬರ ಹೊಲದ ಕೇಸು ಅವರ ಕಡೆಗೇ ಆಗಿದೆ. ಎಲ್ಲರೂ ಆಮೆನ್ ಅನ್ನುತ್ತೇವೆ. ನಾನೂ ಅನ್ನುತ್ತೇನೆ, ಮನಸ್ಸಿನಿಂದಲೇ ಅನ್ನುತ್ತೇನೆ.

ಆದರೆ ಈ ಸಾಕ್ಷಿಗಳಿಗೆಲ್ಲ ಒಂದೇ ಆಕಾರ. ಕಷ್ಟ ಬಂತು, ಪ್ರಾರ್ಥಿಸಿದೆ, ಹೋಯಿತು. 'ಕಷ್ಟ ಬಂತು, ಪ್ರಾರ್ಥಿಸಿದೆ, ಇನ್ನೂ ಇಲ್ಲೇ ಇದೆ' ಎಂದು ಎದ್ದು ಹೇಳಿದವರನ್ನು ನೋಡಿದ ನೆನಪು ನನಗಿಲ್ಲ. ಅಂಥವರು ಸಭೆಯಲ್ಲಿ ಇಲ್ಲ ಅಂತಲ್ಲ. ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಜಾಗ ಹಿಡಿದು ಕೂತಿರುತ್ತಾರೆ. ನಮ್ಮ ಅಕ್ಕ ಅವರಲ್ಲಿ ಒಬ್ಬಳು.

ಅಕ್ಕ ಅಂಗನವಾಡಿಯಲ್ಲಿ ದುಡಿದವಳು. ಓಣಿಗೆಲ್ಲ ಆಕೆ 'ಟೀಚರ್'. ಬಿಪಿ, ಸಕ್ಕರೆ ಎರಡೂ ಸೇರಿ ಕಿಡ್ನಿ ತಿಂದು ಹಾಕಿದವು. ಕಸಿಯ ಮಾತೂ ಬಂದು ಹೋಯಿತು, ಹೃದಯ ಅಷ್ಟು ಗಟ್ಟಿ ಇಲ್ಲ ಎಂದರು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ತಾಸು. ಅದರ ಸೂಜಿ ಹಾಕಲು ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತದೆ. ಆ ಗುಂಯ್ ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಆಕೆ ಮೊದಲು ಮುಟ್ಟಿ ನೋಡುವುದು ಅದನ್ನೇ, ಆಮೇಲೆ ಬೈಬಲ್. ಆ ಕೈಯಲ್ಲಿ ಕೊಡ ಎತ್ತುವಂತಿಲ್ಲ. ಆ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ.

ಇದೆಲ್ಲಕ್ಕಿಂತ ಕಷ್ಟದ್ದು ನೀರು. ಕಿಡ್ನಿ ಕೆಲಸ ಬಿಟ್ಟ ಮೇಲೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಕಾಲು ಬಾತುಕೊಳ್ಳುತ್ತದೆ, ಜಾಸ್ತಿ ಆದರೆ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಅಕ್ಕನಿಗೆ ಇಡೀ ದಿನಕ್ಕೆ ಒಂದು ಲೀಟರ್ ಕೂಡ ಇಲ್ಲ. ಚಹಾ, ಮಜ್ಜಿಗೆ, ಸಾರು, ಗುಳಿಗೆ ನುಂಗುವ ನೀರು, ಎಲ್ಲವೂ ಅದರಲ್ಲೇ ಲೆಕ್ಕ. ಬಾಟಲಿಗೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದುಕೊಂಡಿದ್ದಾಳೆ. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಿಸಿಲು 42, 43 ಡಿಗ್ರಿ ಮುಟ್ಟಿದಾಗ ನಾವು ಚರಿಗೆಗಟ್ಟಲೆ ಕುಡಿದರೂ ಸಾಲದು ಅನ್ನುತ್ತೇವೆ. ಆಕೆ ಐಸಿನ ಚೂರು ಬಾಯಲ್ಲಿಟ್ಟುಕೊಂಡು ಕೂತಿರುತ್ತಾಳೆ. ಅದೂ ಲೆಕ್ಕಕ್ಕೇ.

ನೋಡಲು ಬರುವವರು ಪ್ರೀತಿಯಿಂದ ಎಳನೀರು ತರುತ್ತಾರೆ. ಬಾಳೆಹಣ್ಣು, ಮೋಸಂಬಿ ತರುತ್ತಾರೆ. ಇವೆಲ್ಲದರಲ್ಲಿ ಪೊಟ್ಯಾಸಿಯಂ ಇದೆ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ರೋಗಿಗೆ ಅಂತ ತಂದದ್ದು ಮಕ್ಕಳ ಹೊಟ್ಟೆ ಸೇರುತ್ತದೆ. ತೊಗರಿಯ ನಾಡಿನಲ್ಲಿ ಹುಟ್ಟಿ ಬೇಳೆಯನ್ನೂ ಅಳೆದು ತಿನ್ನಬೇಕು, ನೋಡಿ!

ಹಣ್ಣಿನ ಜೊತೆ ಮಾತೂ ಬರುತ್ತವೆ. 'ಅಳಬ್ಯಾಡ್ರಿ ಟೀಚರ್, ದೇವರು ನಿಮ್ಮನ್ನ ಪರೀಕ್ಷಾ ಮಾಡ್ಲಿಕತ್ತಾನ.' 'ನಂಬಿಕಿ ಸ್ವಲ್ಪ ಕಮ್ಮಿ ಆಗ್ಯದೇನೋ, ನೋಡ್ಕೋರಿ.' ಒಬ್ಬರಂತೂ ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಉಳಿದಿದೆಯಾ ಎಂದು ಕೇಳಿದರು. ಊರ ಹೊರಗಿನ ಕೂಟವೊಂದರಲ್ಲಿ ಪ್ರಾರ್ಥನೆ ಮಾಡಿದವರು, ನಿಜವಾಗಿ ನಂಬುವುದಾದರೆ ಗುಳಿಗೆ ಬಿಡು ಎಂದರು. ಅಕ್ಕ ಬಿಡಲಿಲ್ಲ. ನನಗೆ ಆ ಮನುಷ್ಯನ ಮೇಲೆ ಈಗಲೂ ಸಿಟ್ಟಿದೆ. ಆ ಸಿಟ್ಟು ಹೋಗಲಿ ಎಂದು ನಾನೇನೂ ಪ್ರಾರ್ಥನೆ ಮಾಡಿಲ್ಲ.

ಈ ಪಾಪದ ಪ್ರಶ್ನೆ ಹಳೆಯದು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಇದನ್ನೇ ಕೇಳುತ್ತಾರೆ. ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಎಂದು ಯೇಸು ಅಲ್ಲೇ ಆ ಮಾತು ಮುಗಿಸುತ್ತಾನೆ. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನೂ ನೋಡಿ. ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಬಾಯಿ ಬಿಡದೆ ಕೂತಿದ್ದರು. ಅಷ್ಟು ದಿನ ಅವರು ಒಳ್ಳೆಯ ಗೆಳೆಯರು. ಆಮೇಲೆ ಬಾಯಿ ತೆರೆದರು, ಕಾರಣ ಹುಡುಕಿದರು. ಕೊನೆಗೆ ದೇವರೇ ಅವರಿಗೆ, ನೀವು ನನ್ನ ಬಗ್ಗೆ ಸರಿಯಾದದ್ದನ್ನು ಆಡಲಿಲ್ಲ ಎಂದು ಹೇಳಬೇಕಾಯಿತು. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೂ ನಮಗೆ ಆ ಗೆಳೆಯರ ಮಾತೇ ಬಾಯಿಗೆ ಬರುತ್ತದೆ ಅಲ್ವಾ?

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ನಮ್ಮವರಿಗೆ ತುಂಬ ಪ್ರೀತಿ. ನಂಬಿಕೆಯ ಅಧ್ಯಾಯ ಅದು. ಹೇಬೆಲ, ನೋಹ, ಅಬ್ರಹಾಮ, ಸಾರ, ಮೋಶೆ, ಒಬ್ಬೊಬ್ಬರೂ ಸಾಲಾಗಿ ಬರುತ್ತಾರೆ. ಸಿಂಹದ ಬಾಯಿ ಮುಚ್ಚಿಸಿದವರು, ಉರಿಯುವ ಬೆಂಕಿ ಆರಿಸಿದವರು, ಸತ್ತವರನ್ನು ಮತ್ತೆ ಜೀವಂತ ಪಡೆದ ಹೆಂಗಸರು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಆದರೆ 35ನೇ ವಚನ ಅರ್ಧಕ್ಕೆ ಬರುವಷ್ಟರಲ್ಲಿ ಬೇರೆಯವರ ಸುದ್ದಿ ಶುರುವಾಗುತ್ತದೆ. ಕೆಲವರು ಬಿಡುಗಡೆಯನ್ನೇ ಒಪ್ಪದೆ ಹಿಂಸೆ ತಾಳಿಕೊಂಡರು. ಚಾವಟಿ ಏಟು ತಿಂದರು, ಬೇಡಿ ಹಾಕಿಸಿಕೊಂಡರು, ಕಲ್ಲೆಸೆತಕ್ಕೆ ಸತ್ತರು, ಗರಗಸದಿಂದ ಕೊಯ್ಯಿಸಿಕೊಂಡರು. ಕುರಿಯ ತೊಗಲು, ಮೇಕೆಯ ತೊಗಲು ಉಟ್ಟು ಗುಡ್ಡ ಗವಿಗಳಲ್ಲಿ ಅಲೆದರು. ಈ ಎರಡನೆಯವರ ನಂಬಿಕೆ ಮೊದಲಿನವರಿಗಿಂತ ಕಡಿಮೆ ಇತ್ತು ಎಂದು ಆ ಪತ್ರ ಎಲ್ಲೂ ಹೇಳುವುದಿಲ್ಲ. ಸಿಂಹದಿಂದ ಉಳಿದವನಿಗೂ ಗರಗಸಕ್ಕೆ ಸಿಕ್ಕವನಿಗೂ ಅಲ್ಲಿ ಒಂದೇ ಸಾಲು, ಒಂದೇ ಗೌರವ. 12ನೇ ಅಧ್ಯಾಯ ಶುರುವಾಗುವಾಗ ನಮ್ಮ ಸುತ್ತ ಮೇಘದ ಹಾಗೆ ನೆರೆದಿರುವ ಸಾಕ್ಷಿಗಳಲ್ಲಿ ಇಬ್ಬರೂ ಇದ್ದಾರೆ. ಅಷ್ಟೇ ಅಲ್ಲ, ದೇವರು ಮಾತು ಕೊಟ್ಟದ್ದು ಇವರಲ್ಲಿ ಯಾರ ಕೈಗೂ ಇನ್ನೂ ಬಂದಿರಲಿಲ್ಲ ಎಂದು 39ನೇ ವಚನ ಹೇಳುತ್ತದೆ. ಕಾಯುತ್ತಲೇ ಸತ್ತವರು ಅವರು.

ಹಾಗಿದ್ದ ಮೇಲೆ ನಮ್ಮ ಸಾಕ್ಷಿಯ ಹೊತ್ತಿನಲ್ಲಿ ಅರ್ಧ ಅಧ್ಯಾಯ ಯಾಕೆ ಬಿಟ್ಟುಹೋಗಿದೆ? ಭಯಕ್ಕೆ ಅಂತ ನನ್ನ ಲೆಕ್ಕ. ಗುಣವಾಗದವರು ಮೈಕ್ ಹಿಡಿದರೆ ಹೊಸದಾಗಿ ಬಂದವರ ನಂಬಿಕೆ ಅಲ್ಲಾಡೀತು ಅನ್ನುವ ಭಯ.

ತಾಳ್ಮೆ ಅಂದರೆ ಹಲ್ಲು ಕಚ್ಚಿ ಸುಮ್ನೆ ಕೂರುವುದು ಅಂತ ಬಹಳ ಜನ ತಿಳಿದಿದ್ದಾರೆ. ಯಾಕೋಬನ ಪತ್ರ ತಾಳ್ಮೆಗೆ ರೈತನನ್ನು ತೋರಿಸುತ್ತದೆ. ಮುಂಗಾರು ಹಿಂಗಾರು ಎರಡೂ ಬರುವ ತನಕ ಅವನು ಬೆಳೆಗಾಗಿ ಕಾಯುತ್ತಾನಂತೆ. ನಮ್ಮ ಕಡೆ ಹೊಲ ನೋಡಿದವರಿಗೆ ಆ ಕಾಯುವಿಕೆ ಏನು ಅಂತ ಗೊತ್ತು. ಜೂನ್, ಜುಲೈನಲ್ಲಿ ತೊಗರಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ಅಲ್ಲಿಯ ತನಕ ರೈತ ಕೈಕಟ್ಟಿ ಕೂರುವುದಿಲ್ಲ. ಎಡೆ ಹೊಡೆಯುತ್ತಾನೆ, ಕಸ ತೆಗೆಯುತ್ತಾನೆ, ಕಾಯಿಕೊರಕ ಬಿದ್ದರೆ ಗಿಡ ಅಲ್ಲಾಡಿಸಿ ಹುಳ ಉದುರಿಸುತ್ತಾನೆ. ಇಷ್ಟೆಲ್ಲ ಮಾಡಿದರೂ ಹೂವಿಗೆ ಬಂದ ಹೊಲ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿದ್ದನ್ನು ನಾವು ನೋಡಿದ್ದೇವೆ. ಮುಂದಿನ ಜೂನಿಗೆ ಅವನು ಮತ್ತೆ ಬಿತ್ತನೆಗೆ ಇಳಿಯುತ್ತಾನೆ. ಅಕ್ಕ ಬಾಟಲಿಗೆ ಗೆರೆ ಎಳೆಯುವುದು, ಹೊತ್ತಿಗೆ ಸರಿಯಾಗಿ ಆಟೋ ಹತ್ತುವುದು, ಊಟದಲ್ಲಿ ಉಪ್ಪು ಬಿಡುವುದು ಕೂಡ ಇದೇ ಜಾತಿಯ ಕೆಲಸ. ಗುಳಿಗೆ ಬಿಡು ಎಂದವರಿಗೆ ಇದು ನಂಬಿಕೆಯಾಗಿ ಕಾಣಲಿಲ್ಲ.

ಕನ್ನಡ ಪಾಠ ಹೇಳುವ ಗೆಳೆಯರೊಬ್ಬರು ನನಗಿದ್ದಾರೆ, ಬಸವಕಲ್ಯಾಣದ ಕಡೆಯವರು. ಅವರಿಗೆ ನಮ್ಮ ಪರಲೋಕದ ಮಾತು ಕೇಳಿದರೆ ಒಳಗೊಳಗೇ ಅಸಮಾಧಾನ. 'ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲರು ಅಂತ ಬಸವಣ್ಣನವರು ಹೇಳ್ಯಾರ. ನೀವು ಅಲ್ಲಿಯದು ತೋರಿಸಿ ಇಲ್ಲಿಯದು ಮರೆಸ್ತೀರಿ' ಅನ್ನುತ್ತಾರೆ. ಸುಮ್ಮನೆ ತಳ್ಳಿಹಾಕುವ ಮಾತಲ್ಲ ಇದು. 'ಅಲ್ಲಿ ಎಲ್ಲಾ ಸರಿ ಹೋಗ್ತದ, ಇಲ್ಲಿ ಸುಮ್ಕಿರು' ಎಂದು ಬಡವರ ಬಾಯಿ ಮುಚ್ಚಿಸಿದ ಬೋಧನೆ ನಮ್ಮಲ್ಲೂ ಇದೆ.

ಆದರೆ ನಮ್ಮಜ್ಜಿಯ ಬದುಕು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಜ್ಜಿಯದು ಬೀದರ್ ಜಿಲ್ಲೆಯ ಹಳ್ಳಿ, ನಿಜಾಮರ ಕಾಲ. ನಮ್ಮವರು ಬಾವಿ ಮುಟ್ಟುವಂತಿರಲಿಲ್ಲ. ಕೊಡ ಇಟ್ಟುಕೊಂಡು ಕೆಳಗೆ ನಿಲ್ಲಬೇಕು, ಮೇಲಿನವರು ಯಾರಾದರೂ ಬಂದು ಸೇದಿ ಹಾಕಬೇಕು. ದೀಕ್ಷಾಸ್ನಾನ ಆದ ಮೇಲೆ ಹೆಸರು ಬದಲಾಯಿತು, ಬಾವಿ ಬದಲಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಎಂದಾಯಿತು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ದಲಿತ ಕ್ರೈಸ್ತರು ಇವತ್ತಿಗೂ ಹೊರಗೇ. ಬಾವಿಯ ಹತ್ತಿರ ಅಜ್ಜಿಯ ಜಾತಿ ಎಲ್ಲರಿಗೂ ಗೊತ್ತಿತ್ತು, ಕಾಗದದಲ್ಲಿ ಮಾತ್ರ ಅದು ಕಾಣಲಿಲ್ಲ.

ಆ ಅಜ್ಜಿ ಬೀಸುವಾಗ ಪರಲೋಕದ ಹಾಡೇ ಹಾಡುತ್ತಿದ್ದಳಂತೆ. ಹಾಡುತ್ತಲೇ ನಮ್ಮಪ್ಪನನ್ನು ಮಿಷನ್ ಬೋರ್ಡಿಂಗಿಗೆ ಹಾಕಿದಳು. ಮನೆಯಲ್ಲಿ ಜೋಳ ಇಲ್ಲದ ವರ್ಷವೂ ಅವನನ್ನು ಕೂಲಿಗೆ ಕರೆಸಿಕೊಳ್ಳಲಿಲ್ಲ. ದೇವರ ರಾಜ್ಯದಲ್ಲಿ ತನ್ನ ಮಗ ಒಂದು ಹೆಸರಿರುವ ಮನುಷ್ಯ ಎಂದು ಆಕೆ ನಂಬಿದ್ದಳು. ಹಾಗೆ ನಂಬಿದವಳಿಗೆ ಗೌಡರ ಮನೆಯ ಜೀತ ಅವನ ಹಣೆಬರಹವಾಗಿ ಕಾಣಲಿಲ್ಲ, ಅಷ್ಟೇ. ಬೀದರ್, ಯಾದಗಿರಿ ಕಡೆ ಮೆಥೋಡಿಸ್ಟ್ ಮಿಷನ್ನಿನವರು ಪರಲೋಕ ಬೋಧಿಸುತ್ತಲೇ ಶಾಲೆ, ಆಸ್ಪತ್ರೆ ಕಟ್ಟಿದ್ದೂ ಇಲ್ಲಿಯವರಿಗೆ ಗೊತ್ತಿರುವ ಸಂಗತಿ. ಗೆಳೆಯರಿಗೆ ಅಜ್ಜಿಯ ಕತೆ ಹೇಳಿದೆ. 'ಹಂಗಾದ್ರ ನಿಮ್ಮಜ್ಜಿ ಇಲ್ಲೇ ಸಂದಾಳ ಬಿಡ್ರಿ' ಎಂದರು. ಅಲ್ಲಿಯದರ ಬಗ್ಗೆ ಇನ್ನೂ ಒಪ್ಪಿಲ್ಲ.

ನಿತ್ಯಜೀವದ ನಿರೀಕ್ಷೆ ಅಂದರೆ ಮೈ ಇಲ್ಲಿ ಬಿಟ್ಟು ಮೇಲೆ ಹಾರಿಹೋಗುವುದು ಅಂತ ನಮ್ಮ ಶವಸಂಸ್ಕಾರದ ಪ್ರಸಂಗಗಳನ್ನು ಕೇಳಿದರೆ ಅನ್ನಿಸುತ್ತದೆ. ಯೇಸು ಕಳಿಸಿದ ಮೊದಲ ಬೋಧಕರಾದ ಅಪೊಸ್ತಲರು ನಂಬಿದ್ದು ಅದಕ್ಕಿಂತ ಗಟ್ಟಿಯಾದದ್ದು: ಮೈಯೇ ಮತ್ತೆ ಏಳುತ್ತದೆ. ಎದ್ದು ಬಂದ ಯೇಸು ಶಿಷ್ಯರ ಎದುರಿಗೆ ಸುಟ್ಟ ಮೀನು ತಿನ್ನುತ್ತಾನೆ. ತೋಮನಿಗೆ ಕೈಯಲ್ಲಿನ ಮೊಳೆಯ ಗಾಯ ತೋರಿಸುತ್ತಾನೆ. ಗಾಯ ಅಳಿಸಿ ಹೋಗಿರಲಿಲ್ಲ, ನೋವು ಮಾತ್ರ ಇರಲಿಲ್ಲ. ಈ ಭಾಗ ಓದಿದ ದಿನ ಅಕ್ಕ ತನ್ನ ಎಡಗೈ ನೋಡಿಕೊಂಡು, 'ಹಂಗಾದ್ರ ಈ ಗಂಟೂ ನನ್ ಜೋಡಿನೇ ಬರ್ತದೇನು ತಮ್ಮಾ?' ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. 'ಬರ್ಲಿ. ಆದ್ರ ಸೂಜಿ ಹಾಕಾವ್ರು ಇರಬಾರ್ದು' ಅಂದಳು.

ಇನ್ನೊಂದು ಮಾತು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಈಗಿನ ಕಷ್ಟಗಳು ಮುಂದೆ ತೋರಿಬರುವ ಮಹಿಮೆಯ ಎದುರಿಗೆ ಏನೂ ಅಲ್ಲ ಎಂದು ಅಪೊಸ್ತಲ ಪೌಲ ಹೇಳುತ್ತಾನೆ. 18ನೇ ವಚನ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇದು ಇರುತ್ತದೆ. ನಾಲ್ಕು ವಚನ ದಾಟಿದರೆ ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ. ಅದರ ಮುಂದಿನ ವಚನದಲ್ಲಿ ನಾವೂ ನರಳುತ್ತೇವೆ, ನಮ್ಮ ಮೈಯ ಬಿಡುಗಡೆಗೆ ಕಾಯುತ್ತಾ. 26ಕ್ಕೆ ಬಂದರೆ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಇವು ಕ್ಯಾಲೆಂಡರಿನಲ್ಲಿ ಬರುವುದಿಲ್ಲ. ಮಹಿಮೆಯನ್ನು ನಂಬಿದವನು ನರಳಬಾರದು ಎಂದು ಪೌಲ ಹೇಳಲೇ ಇಲ್ಲ. ಥೆಸಲೊನೀಕದವರಿಗೂ ಅಳಬೇಡಿ ಅನ್ನಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಎಂದ. ಸತ್ತ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದ ಯೇಸುವೇ ಅವನ ಸಮಾಧಿಯ ಹತ್ತಿರ ಅತ್ತ.

ತನ್ನ ಕಷ್ಟ ಹಗುರವಾದದ್ದು, ಕ್ಷಣದ್ದು ಎಂದೂ ಪೌಲ ಬರೆದಿದ್ದಾನೆ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ. ಅದೇ ಪತ್ರದಲ್ಲಿ ಮುಂದೆ ಪಟ್ಟಿ ಕೊಡುತ್ತಾನೆ: ಐದು ಸಲ ಒಂದು ಕಡಿಮೆ ನಲವತ್ತು ಏಟು, ಮೂರು ಸಲ ಬೆತ್ತದ ಹೊಡೆತ, ಒಂದು ಸಲ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು, ಒಂದು ರಾತ್ರಿ ಒಂದು ಹಗಲು ಸಮುದ್ರದ ಮೇಲೆ. ಮೈಯೊಳಗಿನ ಮುಳ್ಳು ತೆಗೆ ಎಂದು ಮೂರು ಸಲ ಬೇಡಿಕೊಂಡ, ದೇವರು ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಇಷ್ಟು ಅನುಭವಿಸಿದವನು ತನ್ನ ಕಷ್ಟವನ್ನು ಹಗುರ ಎಂದರೆ ಕೇಳೋಣ. ನಾಲ್ಕು ಮೋಸಂಬಿ ತಂದವರು ಅಕ್ಕನ ಕಷ್ಟವನ್ನು ಹಗುರ ಅನ್ನುವಂತಿಲ್ಲ. ಆ ಮಾತು ಅನುಭವಿಸುವವರದೇ ಬಾಯಿಂದ ಬರಬೇಕು. ಬರದಿದ್ದರೂ ಅವರ ನಂಬಿಕೆಗೆ ಕುಂದಿಲ್ಲ. ಅಕ್ಕನಿಗಂತೂ 88ನೇ ಕೀರ್ತನೆ ಇಷ್ಟ. ಮೊದಲಿಂದ ಕೊನೆಯ ತನಕ ದೂರು. ಮುಗಿಯುವುದೂ ಕತ್ತಲೆಯಲ್ಲೇ. ಆದರೂ ಅದು ದೇವರಿಗೇ ಹೇಳಿದ ದೂರು.

ಈ ಸಲದ ಗುಡ್ ಫ್ರೈಡೆಗೆ ನಮ್ಮ ಪಾಸ್ಟರ್ ಒಂದು ಒಳ್ಳೆಯ ಕೆಲಸ ಮಾಡಿದರು. ಅವತ್ತು ಹನ್ನೆರಡರಿಂದ ಮೂರರ ತನಕ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಮಾತಾಡುವುದು ವಾಡಿಕೆ. ಪಾಸ್ಟರ್ ಮನೆಗೆ ಬಂದು, 'ಐದನೇ ಮಾತು ನೀವು ತಗೋರಿ ಟೀಚರ್' ಎಂದರು. ಐದನೆಯದು 'ನನಗೆ ನೀರಡಿಕೆಯಾಗಿದೆ'. ಅಕ್ಕ ಅವರ ಮುಖ ನೋಡಿದಳು. ತಿಳಿದೇ ಕೊಟ್ಟಿದ್ದರು. ಶುಕ್ರವಾರ ಆಕೆಯ ಡಯಾಲಿಸಿಸ್ ದಿನ. ಟೆಕ್ನಿಷಿಯನ್ ಹುಡುಗನಿಗೆ ಫೋನ್ ಮಾಡಿ ಶನಿವಾರಕ್ಕೆ ಬದಲಿಸಿಕೊಂಡಳು. 'ಒಂದಿನ ಜಾಸ್ತಿ ಆಗ್ತದಮ್ಮಾ, ನೀರು ಕಂಟ್ರೋಲ್ ಇಡ್ರಿ' ಎಂದು ಅವನು ಹತ್ತು ಸಲ ಹೇಳಿದ.

ಅಕ್ಕ ಕುರ್ಚಿಯ ಮೇಲೆ ಕೂತೇ ಮಾತಾಡಿದಳು. ಸಮಾರ್ಯದ ಹೆಂಗಸಿನಿಂದ ಶುರು ಮಾಡಿದಳು. ಮಟಮಟ ಮಧ್ಯಾಹ್ನ, ಬಾವಿ, ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ. ಆ ಹೊತ್ತಿನಲ್ಲಿ ಯೇಸು ಆಕೆಯ ಹತ್ತಿರ ಕುಡಿಯಲು ನೀರು ಕೇಳಿದ. 'ನಮ್ಮಜ್ಜಿ ಬಾವಿ ಕೆಳಗ ನಿಂತಾಕಿ. ಆಕಿ ಕೈಲಿಂದ ನೀರು ಕೇಳೋ ದೇವರು ಸಿಕ್ಕ ಅಂತ್ಲೇ ಆಕಿ ಅವನ ಹಿಂದ ಹೋದ್ಳು' ಎಂದಳು. ಆಮೇಲೆ ಶಿಲುಬೆಗೆ ಬಂದಳು. ನಾನು ಕೊಡುವ ನೀರು ಕುಡಿದವರಿಗೆ ಮತ್ತೆ ನೀರಡಿಕೆ ಆಗುವುದಿಲ್ಲ ಎಂದವನು ತಾನೇ ನಾಲಿಗೆ ಒಣಗಿ ನೀರು ಕೇಳುತ್ತಾನೆ. 'ಮೂರನೇ ದಿನ ಎದ್ದ, ಖರೆ. ಆದ್ರ ಶುಕ್ರವಾರ ನೀರು ಕೇಳಿದ್ದನ್ನ ಯಾರೂ ಅಳಿಸಿಲ್ಲ. ನನಗ ಆರಾಮ ಆಗಿಲ್ಲ. ಆಗೂದೂ ಇಲ್ಲ ಅಂತ ಡಾಕ್ಟರ್ ಹೇಳ್ಯಾರ. ಪ್ರಕಟನೆ ಪುಸ್ತಕದ ಕಡೀ ಅಧ್ಯಾಯದಾಗ ಜೀವಜಲದ ನದಿ ಅದ. ಅದಕ್ಕ ಅಳತಿ ಗೆರಿ ಇಲ್ಲ. ನಾ ಅಲ್ಲಿ ಮಟ ಬಾಟ್ಲಿ ಹಿಡ್ಕೊಂಡೇ ಹೋಗ್ತೀನಿ.'

ಆಮೆನ್ ಅನ್ನಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಅಂದರು. ಆಮೇಲೆ ಇನ್ನೂ ಕೆಲವರು.

ಮೂರು ಗಂಟೆಗೆ ಆರಾಧನೆ ಮುಗಿಯಿತು. ಹೊರಗೆ ಶಾಮಿಯಾನದ ಕೆಳಗೆ ಯುವಕರು ನಿಂಬೆ ಶರಬತ್ತು ಹಂಚುತ್ತಿದ್ದರು. ಪಾಸ್ಟರ್ ಜೊತೆ ಮಾತಾಡುತ್ತಾ ನಿಂತ ನಾನು ಅಕ್ಕನ ಕಡೆ ಲಕ್ಷ್ಯ ಕೊಡಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ತೂಕದ ಮಷೀನಿನ ಮೇಲೆ ನಿಲ್ಲಿಸಿದಾಗ ಟೆಕ್ನಿಷಿಯನ್ ಹುಡುಗನ ಹುಬ್ಬು ಮೇಲೆ ಹೋಯಿತು.

'ಏನಮ್ಮಾ ಇದು? ಎಷ್ಟ್ ಕುಡದೀರಿ?'

'ಶರಬತ್ತು,' ಅಂದಳು ಅಕ್ಕ. 'ಗುಡ್ ಫ್ರೈಡೇದ್ದು. ಲೆಕ್ಕ ಇಟ್ಟಿಲ್ಲಪ್ಪ.'

'ನಿಮಗ ಹೇಳಿದ್ದೆ ಇಲ್ಲೋ?'

'ಹೇಳಿದ್ದಿ. ಇವತ್ತ ಅರ್ಧ ತಾಸ ಜಾಸ್ತಿ ಹಾಕು' ಎನ್ನುತ್ತಾ ಎಡಗೈ ಚಾಚಿದಳು.